ಬಂಕಿನ ಮೇಲಿನ ವತ್ಸಲಾ

ಈಗ ಕಾಲೇಜಿಗೆ ಯಾರೂ ಹೋಗುವುದಿಲ್ಲ. ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದ ಯಂತ್ರದ ಕುರ್ಚಿಯಲ್ಲಿ ಕೂತರೆ ಪಾಠ, ಹಾಸ್ಟೆಲು, ಮುಷ್ಕರ, ಪ್ರೇಮ ಎಲ್ಲವೂ ನೆನಪಾಗಿ ತಲೆಗೆ ಇಳಿಯುತ್ತವೆ. ದೊಡ್ಡ ವಿಶ್ವವಿದ್ಯಾಲಯಗಳು ತಲೆಗೊಂದು ಬೇರೆ ನೆನಪು ಕೊಡುತ್ತವೆ. ಶಿವಪುತ್ರ ಪದವಿ ಪಡೆದದ್ದು ಪೆಟ್ರೋಲ್ ಬಂಕಿನ ಮೇಲಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅದರ ಇಡೀ ಇತಿಹಾಸದಲ್ಲಿ ನಿಜವಾಗಿ ಓದಿದವನು ಒಬ್ಬನೇ, ಸಂಸ್ಥಾಪಕರ ಭಾಮೈದ. ಆ ನಾಚಿಕೆಗೆಟ್ಟವರು ಅವನ ನೆನಪನ್ನೇ ಎಲ್ಲರಿಗೂ ಸುರಿಯುತ್ತಾರೆ.

ಗದಗಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆದಿತ್ತು. ಹೋದಲ್ಲೆಲ್ಲ ಬೇಡವೆನಿಸಿಕೊಂಡಿದ್ದ ಶಿವಪುತ್ರನಿಗೆ ಇದಾದರೂ ಕೂಡಿಬರಬೇಕಿತ್ತು. ಮಾತಾಡಿಕೊಳ್ಳಲಿ ಎಂದು ಹಿರಿಯರು ಅವನನ್ನೂ ಸುವರ್ಣಾಳನ್ನೂ ಮಾಳಿಗೆಗೆ ಕಳಿಸಿದರು.

"ಹಾಸ್ಟೆಲ್ ಉಪ್ಪಿಟ್ಟಿನ ಸಲುವಾಗಿ ನೀರಿನ ಟಾಕಿ ಹತ್ತಿ ಮುಷ್ಕರ ಮಾಡೀನ್ರಿ ನಾ," ಎಂದು ಎದೆಯುಬ್ಬಿಸಿದ.

"ಹುಳ ಇದ್ದವಲ್ರಿ ಅದರಾಗ," ಎಂದಳು ಸುವರ್ಣಾ. "ನೀವೂ ಬಂಕಿನ ಮ್ಯಾಲಿನವರೇನು?"

ಶಿವಪುತ್ರ ಉಬ್ಬಿಸಿದ ಎದೆ ಇಳಿಸಿದ. ಹಾಗಾದರೆ ಆ ನೆನಪಿನ ಕಾಲೇಜಿನಲ್ಲಿ ಪ್ರೀತಿಸಿ ಅವನನ್ನು ಕೈಬಿಟ್ಟು ಹೋದ ವತ್ಸಲಾ ಇವಳ ತಲೆಯಲ್ಲೂ ಇದ್ದಾಳೆ!

"ವತ್ಸಲಾನ್ನ ಮರತೀರೇನ್ರಿ?" ಸುವರ್ಣಾ ಕೇಳಿಯೇಬಿಟ್ಟಳು.

"ಯಾವಾಗೋ ಮರತೀನ್ರಿ."

"ಹೆಂಗ ಮರತ್ರಿ? ನನ್ನ ಕೈಲೇ ಇನ್ನೂ ಆಗವಲ್ದು! ಕಲ್ಲು ಮನಸ್ಸಿನವರು!" ಎಂದು ದಡಬಡ ಎದ್ದಳು.

"ಸುಳ್ಳ್ರಿ! ನಿನ್ನೆನೂ ಕನಸಿನಾಗ ಬಂದಿದ್ಲು!"

"ಯಾವ ಸೀರಿ ಉಟ್ಟಿದ್ಲು?"

"ಹಳದೀದು. ಸೆರಗಿಗೆ ಮಸಿ ಕಲಿ ಇತ್ತು."

ಸುವರ್ಣಾ ಕಣ್ಣೊರೆಸಿಕೊಂಡು ಮೆಟ್ಟಿಲ ಬಳಿ ಹೋಗಿ ಕೂಗಿದಳು: "ಅಪ್ಪಾ, ನನಗ ಒಪ್ಪಿಗಿ ಐತಿ. ಸಕ್ಕರಿ ಹಂಚ್ರಿ!"