ಹೊಟ್ಟೆಯೊಳಗಿನ ಕರು

ಬೈರೇಶ್ ರಬ್ಬರ್ ಹಿಡಿದು ಬಗ್ಗುವಷ್ಟರಲ್ಲಿ ಸಿಂಚನ ತನ್ನ ಎರಡೂ ಅಂಗೈಗಳನ್ನು ಹಾಳೆಯ ಮೇಲೆ ಒತ್ತಿಬಿಟ್ಟಳು.

"ಕೈ ತೆಗಿಯಮ್ಮ."

"ತೆಗಿಯಲ್ಲ ಸಾ."

ಕುಂದಾಣದ ಹತ್ತಿರದ ಆ ಶಾಲೆಯ ಐದನೇ ತರಗತಿಯಲ್ಲಿ ಅಂದು ಬೈರೇಶನ ಪರೀಕ್ಷೆ ಪಾಠ. ಮಕ್ಕಳಿಗೆ ಚಿತ್ರ ಕಲಿಸುವುದು ಹೇಗೆಂದು ಕಲಿಯಲು ಮೂವತ್ತೇಳನೇ ವಯಸ್ಸಿಗೆ ತರಬೇತಿಗೆ ಸೇರಿದವನು. ಅದಕ್ಕೆ ಮುಂಚೆ ದೇವನಹಳ್ಳಿ ಪಕ್ಕದ ವಿಜಯಪುರದ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಹೋದ ವರ್ಷ ಇದೇ ಪಾಠದಲ್ಲಿ ಫೇಲಾಗಿದ್ದ. ಈ ಸಲವೂ ಹೋದರೆ ಮೂರನೇ ಅವಕಾಶವಿಲ್ಲ. ಕಪ್ಪುಹಲಗೆಯ ಮೇಲೆ ಅವನು ಬರೆದ ಹಸು ನಿಂತಿತ್ತು, ಒಂದು ಗೆರೆಯೂ ಅಳ್ಳಾಡದ ಹಸು. ಮೂವತ್ತು ಮಕ್ಕಳು ಅದನ್ನೇ ನೋಡಿ ನೋಡಿ ಇಳಿಸಿಕೊಳ್ಳುತ್ತಿದ್ದರು. ಸಿಂಚನ ಒಬ್ಬಳು ಹಲಗೆಯ ಕಡೆ ತಲೆಯೆತ್ತಿರಲಿಲ್ಲ. ಅವಳ ಹಸುವಿನ ಹೊಟ್ಟೆ ನೀರಿನ ಡ್ರಮ್ಮಿನಂತಿತ್ತು. ಹೊಟ್ಟೆಯೊಳಗೆ ಕಾಲು ಮಡಿಸಿಕೊಂಡ ಒಂದು ಕರು.

ಅಂಕ ಹಾಕಲು ಬಂದಿದ್ದ ಉಪನ್ಯಾಸಕ ಮುನಿವೆಂಕಟಪ್ಪನವರು ಬೆಂಚುಗಳ ನಡುವೆ ಸುತ್ತುತ್ತಾ ಅದನ್ನು ಕಂಡಿದ್ದರು. "ಏನ್ರೀ ಬೈರೇಶ್, ಇದು ಹಸುವೋ ಎಕ್ಸ್‌ರೇನೋ? ಅಳಿಸಿ, ತಿದ್ದಿ ತೋರಿಸ್ರೀ. ತಪ್ಪು ತಿದ್ದೋದಕ್ಕೇ ಹತ್ತು ಮಾರ್ಕಿದೆ. ಅಲ್ಲಿ ಸೊನ್ನೆ ಬಂದ್ರೆ ಇಡೀ ಪಾಠಾನೇ ಫೇಲು, ಗೊತ್ತಲ್ಲ?"

ಗೊತ್ತಿತ್ತು. ಅದಕ್ಕೇ ರಬ್ಬರ್ ಕೈಗೆ ಬಂದದ್ದು.

"ಅವ್ಳು ಯಾವಾಗ್ಲೂ ಹಂಗೇ ಸಾ," ಪಕ್ಕದ ನವ್ಯಶ್ರೀ ಎದ್ದು ನಿಂತಳು. "ಮೊನ್ನೆ ಬಸ್ ಬರೆದು ಡ್ರೈವರ್ ಊಟದ ಡಬ್ಬಿ ಒಳಗಿರೋ ಮುದ್ದೇನೂ ಬರೆದಿದ್ಲು."

ತರಗತಿ ಗೊಳ್ಳೆಂದಿತು. "ನಿಂದು ನೀನ್ ನೋಡ್ಕೊಳೇ," ಅಂದಳು ಸಿಂಚನ. ಅಂಗೈ ಮಾತ್ರ ಕದಲಲಿಲ್ಲ.

ಬೈರೇಶ್ ಅವಳ ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. "ಕರು ಯಾಕಮ್ಮ ಬರೆದೆ? ಹೊರಗಿಂದ ಕಾಣಲ್ವಲ್ಲ."

"ಕಾಣಲ್ಲ ಸಾ. ಐತೆ." ಅವಳು ಒಂದು ಅಂಗೈಯನ್ನು ಸ್ವಲ್ಪವೇ ಎತ್ತಿ ತೋರಿಸಿದಳು. ಕರುವಿನ ತಲೆ ಮುಂಗಾಲುಗಳ ಮೇಲಿರದೆ ಪೂರಾ ಹಿಂದಕ್ಕೆ ಹೊರಳಿತ್ತು. "ನಮ್ ಸೀಮೆಹಸ ಕರು ಹಾಕಕ್ಕೆ ಬೆಳಿಗ್ಗೆಯಿಂದ ತಿಣುಕ್ತಾ ಐತೆ. ಡಾಕ್ಟ್ರು ಕೈ ಹಾಕಿ ನೋಡಿದ್ರು. ತಲೆ ಹಿಂಗೆ ತಿರುಗ್ಬಿಟ್ಟೈತಂತೆ. ದೇವನಹಳ್ಳಿಯಿಂದ ಇನ್ನೊಬ್ರು ಡಾಕ್ಟ್ರನ್ನ ಕರ್ಕೊಂಡ್ ಬರಕ್ಕೆ ಹೋಗವ್ರೆ. ಅವ್ವ ನನ್ನ ಸ್ಕೂಲಿಗೆ ಅಟ್ಬಿಟ್ಳು."

ಬೈರೇಶ್ ಆ ಕರುವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ರಬ್ಬರನ್ನು ಜೇಬಿಗೆ ಹಾಕಿಕೊಂಡ.

"ಇದ್ರಲ್ಲಿ ತಿದ್ದೋ ತಪ್ಪು ಯಾವ್ದೂ ಇಲ್ಲ ಸಾರ್."

"ಇಲ್ವೇ? ಇಷ್ಟು ದಿನ ಏನ್ರೀ ಕಲಿತ್ರಿ? ಚಿತ್ರ ಅಂದ್ರೆ ನೋಡಿ ಬರೆಯೋದು."

"ನಾನೇ ನೋಡಿ ಬರೆದಿಲ್ಲ ಸಾರ್. ಹಾಲಿನಂಗಡಿ ಬೋರ್ಡಿಗೆ ಹತ್ತು ವರ್ಷ ಬರೆದಿದ್ದನ್ನೇ ಇಲ್ಲೂ ಬರೆದೆ. ನೋಡಿ ಬರೆದೋಳು ಇವಳೊಬ್ಬಳೇ."

ಅವನು ಹಲಗೆಯ ಹತ್ತಿರ ಹೋಗಿ ಡಸ್ಟರ್ ತೆಗೆದುಕೊಂಡ. ಕೊಂಬಿನಿಂದ ಶುರುಮಾಡಿ ಗೊರಸಿನವರೆಗೆ ತನ್ನ ಹಸುವನ್ನು ಒರೆಸಿಹಾಕಿದ.

"ಅಯ್ಯಯ್ಯೋ ಸಾ, ನಂಗಿನ್ನೂ ಬಾಲ ಆಗಿಲ್ಲ!" ಕಿಟಕಿ ಪಕ್ಕದಿಂದ ಒಬ್ಬ ಕೂಗಿದ.

"ನಿಮ್ಮನೆ ಹಸೂದು ಹಾಕೋ."

"ನಮ್ಮನೇಲಿ ಹಸ ಇಲ್ಲ ಸಾ, ಮೇಕೆ."

"ಹಂಗಾದ್ರೆ ಮೇಕೆ ಬರಿ. ಹಾಳೆ ತಿರುಗಿಸ್ಕೊಳ್ರೋ ಎಲ್ಲಾರೂ. ನಿಮ್ಮನೇಲಿ ಇರೋದು ಬರೀರಿ."

ಹಾಳೆಗಳು ಸರಸರ ಮಗುಚಿಕೊಂಡವು. ಮುನಿವೆಂಕಟಪ್ಪನವರು ಬೆಂಚಿನ ಮೂಲೆಗೆ ಅಂಕಪಟ್ಟಿ ಒತ್ತಿಕೊಂಡು ಪೆನ್ನಿನ ಮುಚ್ಚಳ ತೆಗೆದರು. "ನೋಡಿ ಬೈರೇಶ್, ನಂಗೇನೂ ನಿಮ್ಮ ಮೇಲೆ ಹಗೆ ಇಲ್ಲ. ಒಂದೇ ಒಂದು ಸಲ ತಿದ್ದಿ ತೋರಿಸಿ. ಇಲ್ಲಾಂದ್ರೆ ಸೊನ್ನೆ ಹಾಕ್ಲೇಬೇಕು. ಮನೇಲಿ ಹೆಂಡ್ತಿ ಮಕ್ಳಿಲ್ವೇನ್ರೀ?"

"ಅವ್ರೆ ಸಾರ್. ಸೊನ್ನೆ ಹಾಕಿ. ಕಾರಣಾನೂ ಬರೀರಿ."

"ಕಾರಣ ಏನಂತ ಬರೀಲಿ?"

"ಕೊಡಿ ಇಲ್ಲಿ."

ಸೊನ್ನೆ ಬಿದ್ದ ಅಂಕಪಟ್ಟಿಯನ್ನು ಬೈರೇಶ್ ತನ್ನ ಕಡೆಗೆ ತಿರುಗಿಸಿಕೊಂಡ. ಷರಾ ಎಂಬಲ್ಲಿ ನಿಧಾನವಾಗಿ ಬರೆದ: 'ಇದ್ದುದನ್ನು ಇದ್ದ ಹಾಗೆ ಬರೆದ ಮಗುವಿನ ಚಿತ್ರವನ್ನು ಅಳಿಸಲು ಒಪ್ಪಲಿಲ್ಲ.' ಕೆಳಗೆ ಸಹಿ ಹಾಕಿ, ತಾರೀಖು ಬರೆದು, ವಾಪಸು ಕೊಟ್ಟ.

ಮುನಿವೆಂಕಟಪ್ಪನವರು ಅದನ್ನು ಎರಡು ಸಲ ಓದಿದರು. "ಇದು ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗುತ್ತೆ."

"ಹೋಗ್ಲಿ ಸಾರ್. ಅವ್ರೂ ಓದ್ಲಿ."

ಸಿಂಚನ ಅಂಗೈ ತೆಗೆದು ಆಗಲೇ ಮತ್ತೆ ಪೆನ್ಸಿಲ್ ಹಿಡಿದಿದ್ದಳು. ಹಾಳೆಯ ಆ ತುದಿಯಿಂದ ಹೊರಟ ಒಂದು ತೋಳು ಹಸುವಿನ ಬಾಲದ ಕೆಳಗಿನಿಂದ ಒಳಗೆ ಇಳಿದು, ಬೆನ್ನಿನ ಉದ್ದಕ್ಕೂ ಮುಂದೆ ಮುಂದೆ ಹೋಗುತ್ತಲೇ ಇತ್ತು. ಅಂಕಪಟ್ಟಿ ಮಡಿಸುತ್ತಿದ್ದ ಮುನಿವೆಂಕಟಪ್ಪನವರು ಅದನ್ನು ನೋಡಿ ತಡೆಯಲಾರದೆ ಕೇಳಿದರು.

"ಇಷ್ಟುದ್ದ ಕೈ ಯಾವ ಮನುಷ್ಯನಿಗೆ ಇರುತ್ತಮ್ಮ?"

ಹುಡುಗಿ ತಲೆಯೆತ್ತಲಿಲ್ಲ.

"ಕರು ತಂಕ ಹೋಗ್ಬೇಕಲ್ಲ ಸಾ."