ಬೈಗುಳದ ನೆಂಟಸ್ತಿಕೆ

“ಮೇಲೆ ಕೂಗಿತಲ್ಲ, ಯಾವ ಹಕ್ಕಿ ಹೇಳಿ,” ಎಂದ ಪರೀಕ್ಷಕ ಹಮೂಂಡೆ.

ಲಜಾಲೊ ಜೆರೆ ತಲೆಯೆತ್ತಿದ. ಮೊದಲ ಮಳೆಗೆ ಮಿಯೊಂಬೊ ಮರಗಳ ಕಾಡು ಚಿಗುರಿ ನಿಂತಿತ್ತು. ಎಲೆ ಬಿಟ್ಟರೆ ಏನೂ ಕಾಣಲಿಲ್ಲ. ಕೂಗಂತೂ ಅವನಿಗೆ ಕೇಳಿಸಿಯೇ ಇರಲಿಲ್ಲ. ಹೋದ ವರ್ಷದಿಂದ ಸಣ್ಣ ದನಿಗಳೆಲ್ಲ ಅವನ ಕಿವಿಯಿಂದ ಒಂದೊಂದಾಗಿ ಎದ್ದು ಹೋಗುತ್ತಿದ್ದವು. ಪ್ರವಾಸಿಗರಿಗೆ ಹಕ್ಕಿ ತೋರಿಸುವ ಪರವಾನಗಿ ಇವತ್ತು ಕೈತಪ್ಪಿದರೆ, ಮೂವತ್ತು ವರ್ಷ ನಡೆದ ಕಾಡಿಗೆ ಅವನು ಹೊರಗಿನವನು.

ಕಿವಿಯ ಈ ಸಂಗತಿ ಗೊತ್ತಿದ್ದದ್ದು ಹಿಂದೆ ಬುತ್ತಿ ಹೊತ್ತು ನಿಂತಿದ್ದ ಕಸೂಬಾ ಒಬ್ಬಳಿಗೇ. ಹನ್ನೊಂದು ವರ್ಷ ಅವನ ಜೊತೆ ಕಾಡು ಸುತ್ತಿದವಳು. ಪರೀಕ್ಷೆಯಲ್ಲಿ ಹೇಳಿಕೊಡುವಂತಿಲ್ಲ, ಸರಿ. ಆದರೆ ಅವನು ಎಂಗೋನಿ, ಅವಳು ಬೆಂಬಾ. ಮುತ್ತಜ್ಜಂದಿರು ಈಟಿ ಹಿಡಿದು ಹೊಡೆದಾಡಿದ ಕುಲಗಳಿಗೆ ಈಗ ಬೈದಾಟವೇ ನೆಂಟಸ್ತಿಕೆ. ಹೆಣದ ಮುಂದೆ ನಿಂತು ಬೈದರೂ ಯಾರೂ ತಡೆಯುವಂತಿಲ್ಲ.

“ಏನ್ ಬಾಯಿ ಬಿಟ್ಕೊಂಡು ನೋಡ್ತೀಯೋ, ಇಲಿ ತಿನ್ನೋನೆ?” ಎಂದು ಕಸೂಬಾ ಶುರು ಮಾಡಿದಳು. “ಬಿಳಚಿದ ಕಾಲು, ಹಳದಿ ಹುಬ್ಬು, ಯಾವ ಸೀಮೆ ಗಂಡಸೋ ನೀನು! ಹೆಂಡ್ತಿ ಊರಲ್ಲಿ ಹಾಡ್ತೀಯ, ಅಲ್ಲಿ ಚಳಿ ಬಿತ್ತು ಅಂದ್ರೆ ನಮ್ಮ ಹುಳ ತಿನ್ನೋಕೆ ಓಡಿ ಬರ್ತೀಯ!”

ಜೆರೆಯ ಹುಬ್ಬು ನರೆತದ್ದು ನಿಜ, ಹಳದಿಯಂತೂ ಅಲ್ಲ. ಅವನು ನಗು ನುಂಗಿಕೊಂಡ.

“ಬಾಯ್ಮುಚ್ಚೇ, ಕೋತಿ ತಿನ್ನೋಳೆ,” ಎಂದವನೇ ಪರೀಕ್ಷಕನತ್ತ ತಿರುಗಿದ. “ವಿಲೋ ಉಲಿಹಕ್ಕಿ ಸ್ವಾಮಿ. ಯುರೋಪಿಂದ ಬಂದಿರೋದು.”

ಹಮೂಂಡೆ ಇಬ್ಬರನ್ನೂ ನೋಡಿದ. ಅವನೂ ಇದೇ ನೆಲದವನು, ಬೈಗುಳ ಕೇಳಿಯೇ ಬೆಳೆದವನು.

“ಕಿವಿ ಯಾವಾಗಿಂದ ಹೀಗೆ?” ಎಂದು ಮೆತ್ತಗೆ ಕೇಳಿದ.

“ಹೋದ ಮಳೆಗಾಲದಿಂದ,” ಎಂದ ಜೆರೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಪರೀಕ್ಷಕ ಏನೋ ಬರೆದು ಕಾಗದ ಕೈಗಿಟ್ಟ. ‘ಕಸೂಬಾ ಜೊತೆಗಿದ್ದರೆ ಮಾತ್ರ ಊರ್ಜಿತ’ ಎಂದಿತ್ತು.

“ಅಯ್ಯೋ, ಸಾಯೋವರೆಗೂ ಇವಳ ಬಾಯಿಗೆ ಸಿಕ್ಕಿಬಿದ್ನಲ್ಲಪ್ಪಾ!” ಎಂದು ಜೆರೆ ನಗುತ್ತಾ ಹಣೆ ಚಚ್ಚಿಕೊಂಡ.

ಕಸೂಬಾ ತಿರುಗಿ ಬೈಯಲು ಹೊರಟಳು, ಸಂತೋಷಕ್ಕೆ ಒಂದು ಬೈಗುಳವೂ ನೆನಪಾಗಲಿಲ್ಲ. ತುಟಿ ಅಲುಗಿತು, ಮಾತು ಹೊರಡಲಿಲ್ಲ.

ಜೆರೆಯ ನಗು ನಿಂತಿತು. ಕಿವಿಗೆ ಅಂಗೈ ಆನಿಸಿ ಅವಳ ಹತ್ತಿರ ಬಂದ.

“ಬೈದೆಯೇನೇ?” ಎಂದ ಹೆದರಿಕೆಯಿಂದ. “ನಂಗೆ ಕೇಳಿಸ್ಲಿಲ್ಲ.”