ಮಗ್ಗದ ಗುಂಡಿ

ದಬ್ ಎಂದು ಒಂದು ಸಣ್ಣ ಸದ್ದು. ಒದ್ದೆ ಬಟ್ಟೆಯ ಮುದ್ದೆ ಬಿದ್ದ ಹಾಗೆ. ಆಮೇಲೆ ಏನೂ ಇಲ್ಲ.

ಮಾಲಾಳಿಗೆ ಇನ್ನೂ ನಿದ್ದೆ ಹತ್ತಿರಲಿಲ್ಲ. ಒಂದೇ ಉಸಿರಿಗೆ ನಡುಮನೆಗೆ ಓಡಿದಳು. ದೀಪ ಹಾಕುವ ಹೊತ್ತಿಗೆ ಅಳು ಕೇಳಿಸಿತು. ಹನ್ನೊಂದು ತಿಂಗಳ ಕೂಸು ಮಗ್ಗದ ಗುಂಡಿಯಲ್ಲಿ ಬಿದ್ದಿತ್ತು. ಗಂಡ ಪ್ರಭು ನೇಯುವಾಗ ಕಾಲು ಇಳಿಬಿಡುವ ಗುಂಡಿ. ಹಣೆಯಿಂದ ರಕ್ತ ಇಳಿಯುತ್ತಿತ್ತು.

ಜೋರಾಗಿ ಅಳುತ್ತಿದೆ. ಕೈಕಾಲು ನಾಲ್ಕೂ ಆಡುತ್ತಿವೆ. ಅಷ್ಟನ್ನು ನೋಡಿಕೊಂಡೇ ಅವಳು ತಲೆ, ಕುತ್ತಿಗೆಗೆ ಅಂಗೈ ಕೊಟ್ಟು ಮಗುವನ್ನು ಎತ್ತಿದಳು. ಒಗೆದಿಟ್ಟ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿದಳು.

ಗುಂಡಿಯ ಪಕ್ಕದ ಚಾಪೆಯಲ್ಲಿ ಅತ್ತೆ ಮಂಜಮ್ಮ ದಿಗ್ಗನೆ ಎದ್ದು ಕೂತಿದ್ದಳು. ಅವಳ ಮಣಿಕಟ್ಟಿಗೆ ಹಳೇ ಸೀರೆಯಿಂದ ಹರಿದ ಪಟ್ಟಿ ಕಟ್ಟಿತ್ತು. ಅದರ ಇನ್ನೊಂದು ತುದಿ ಕೂಸಿನ ನಡುವಿಗೆ ಇರಬೇಕಿತ್ತು. ಈಗ ಚಾಪೆಯ ಮೇಲೆ ಬರಿದೇ ಬಿದ್ದಿತ್ತು.

"ಕಾಫಿಪುಡಿ ಒತ್ತಾನ ತಾಳು, ರಕ್ತ ನಿಲ್ತೈತೆ."

"ಮುಟ್ಟಬ್ಯಾಡ್ರಿ!" ಮಾಲಾ ಅವಳ ಕೈಯನ್ನು ತಳ್ಳಿದಳು. "ಮಾಡಿದ್ದು ಸಾಕು."

ಈ ಪಟ್ಟಿಯ ಜಗಳಕ್ಕೆ ಒಂದು ತಿಂಗಳಾಗಿತ್ತು, ಕೂಸು ಅಂಬೆಗಾಲಿಟ್ಟ ದಿನದಿಂದ. ಮೊಳಕಾಲ್ಮೂರಿನ ಆ ಬೀದಿಯಲ್ಲಿ ಮಗ್ಗವಿದ್ದ ಮನೆಯ ಅಜ್ಜಿಯರೆಲ್ಲ ಹಾಗೇ ಕಟ್ಟಿ ಮಲಗಿಸಿಕೊಳ್ಳುತ್ತಿದ್ದರು. ಕೂಸಿಗೂ ಅಜ್ಜಿಯ ಮಗ್ಗುಲಿಲ್ಲದೆ ನಿದ್ದೆ ಇಲ್ಲ. ಆದರೆ ಚಳ್ಳಕೆರೆಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಮಾಲಾ, ಅಂಗನವಾಡಿಯ ತಾಯಂದಿರ ತರಬೇತಿಯಲ್ಲಿ ಬೇರೆಯದನ್ನು ಕೇಳಿದ್ದಳು. ಮಲಗಿದ ಮಗುವಿನ ಹತ್ತಿರ ಹಗ್ಗ, ದಾರ, ಪಟ್ಟಿ ಯಾವುದೂ ಇರಬಾರದು. ಹೊರಳಿದರೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ದಿನವೂ ಮಲಗುವ ಹೊತ್ತಿಗೆ ಇದೇ ಮಾತು.

"ನಾಯಿ ಕಟ್ಟಿದಂಗೆ ಕಟ್ತೀರಲ್ಲ ಅತ್ತೆ."

"ನಾಯಿಗಾದ್ರೆ ಗುಂಡಿ ಕಾಣ್ತೈತೆ ಕಣವ್ವ. ನಿನ್ನ ಗಂಡನ್ನೂ ಹಿಂಗೇ ಕಟ್ಟಿ ಸಾಕಿದ್ದು. ಸತ್ತು ಹೋದ್ನೇನು?"

"ಹಗ್ಗ ಸುತ್ತಿಕೊಂಡು ಸತ್ತ ಮಕ್ಕಳು ಬಂದು ಹೇಳಲ್ಲ ಬಿಡ್ರಿ."

"ಓದಿದವಳು ನೀನು, ಗುಂಡಿಗೆ ಒಂದು ಹಲಗೆ ಮುಚ್ಚಿಸು. ಆವತ್ತೇ ಬಿಚ್ತೀನಿ."

ಹಲಗೆಯ ಮಾತೆತ್ತಿದರೆ ಪ್ರಭುವಿನದು ಒಂದೇ ಉತ್ತರ: "ನಾಳೆ ಬಡಗಿಗೆ ಹೇಳ್ತೀನಿ."

ಆ ರಾತ್ರಿ ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ವಾಂತಿ ಆಗಲಿಲ್ಲ, ಮಂಪರು ಬರಲಿಲ್ಲ. ಬೆಳಗಿನವರೆಗೆ ಇಟ್ಟುಕೊಂಡು ನೋಡಿ ಕಳಿಸಿದರು. ಗಾಯಕ್ಕೆ ಪುಡಿಗಿಡಿ ತುಂಬದೆ ಬಟ್ಟೆ ಒತ್ತಿ ತಂದಿದ್ದಕ್ಕೆ ಡಾಕ್ಟರು ಮಾಲಾಳನ್ನು ಹೊಗಳಿದರು. ಪ್ರಭು ಅದನ್ನು ಮನೆಗೆ ಬಂದವರಿಗೆಲ್ಲ ಹೇಳಿದ. ಆಮೇಲೆ ತಾಯಿಯ ಕಡೆ ತಿರುಗಿದ.

"ಸರಿಯಾಗಿ ಕಟ್ಟಿರಲಿಲ್ಲ ನೀನು."

"ಕಟ್ಟಿದ್ದೆ ಕಣೋ. ನೇಯೋರ ಗಂಟು ಅದು, ಎಳೆದಷ್ಟೂ ಬಿಗೀತೈತೆ. ತಾನಾಗಿ ಬಿಚ್ಚಲ್ಲ."

"ಹಂಗಾರೆ ಕೂಸೇ ಬಿಚ್ಕೊಂತೇನು?"

ಮಂಜಮ್ಮ ಸೊಸೆಯತ್ತ ನೋಡಿದಳು. ಮದುವೆಯ ಹೊಸದರಲ್ಲಿ, ಹರಿದ ಎಳೆಗಳನ್ನು ಜೋಡಿಸಲೆಂದು ಆ ಗಂಟನ್ನು ಅವಳಿಗೂ ಕಲಿಸಿದ್ದಳು. ಸೊಸೆ ಮಗುವಿನ ಹಣೆಯ ಪಟ್ಟಿ ನೋಡುತ್ತ ಕೂತಿದ್ದಳು.

"ಇವತ್ತು ಹಣೆ," ಎಂದಳು ಮಾಲಾ, ತಲೆ ಎತ್ತದೆ. "ನಾಳೆ ಏನೋ. ಇವರ ಮಗ್ಗುಲಲ್ಲಿ ಇನ್ನು ನನ್ನ ಮಗಳು ಮಲಗಲ್ಲ. ಇವರಿರಬೇಕು, ಇಲ್ಲ ನಾನಿರಬೇಕು."

ಪ್ರಭು ಗೋಡೆ ನೋಡಿಕೊಂಡು ಹೇಳಿದ: "ರಾಂಪುರಕ್ಕೆ ಹೋಗಿರವ್ವ. ಅಕ್ಕನ ಮನ್ಯಾಗೆ."

"ಎಷ್ಟು ದಿನಕ್ಕೋ?"

ಅವನು ಗೂಟದ ಮೇಲಿದ್ದ ಚೀಲ ತೆಗೆದು ತಾಯಿಯ ಮುಂದಿಟ್ಟ.

ಮಂಜಮ್ಮ ನಾಲ್ಕು ಸೀರೆಗಳನ್ನು ಚೀಲಕ್ಕೆ ತುರುಕಿದಳು. ಸೊಸೆಗೆ ನಾಲ್ಕು ಮಾತು ಅಂದೇ ಹೋಗುವವಳು, ಈ ಸಲ ಹೊಸ್ತಿಲಲ್ಲಿ ನಿಂತು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ದನಿ ಇಳಿದುಹೋಗಿತ್ತು.

"ನಾನೇ ಮರೆತೆನೇನೋ ಕಣೇ ಮಾಲಾ. ಕಟ್ಟಿದ್ದು ಕಣ್ಣಿಗೆ ಕಟ್ಟಿದಂಗೈತೆ. ಅದು ನಿನ್ನೇದೋ ಮೊನ್ನೇದೋ, ಯಾರಿಗ್ಗೊತ್ತು. ವಯಸ್ಸಾತು. ನಾನು ವಾಪಸ್ ಬಂದ್ರೂ ಕೂಸಿನ್ನ ನನ್ನ ಕೈಗೆ ಕೊಡಬ್ಯಾಡ."

ಮಾಲಾಳ ತುಟಿ ಬಿಚ್ಚಿತು.

"ಏನು?" ಎಂದ ಪ್ರಭು.

"ಏನಿಲ್ಲ. ಬಸ್ಸಿಗೆ ಹೊತ್ತಾಯ್ತು, ಕರ್ಕೊಂಡು ಹೋಗಿ."

ಆ ರಾತ್ರಿ ಅತ್ತೆಯ ಗೊರಕೆ ಏಳುವವರೆಗೆ ಕಾದು, ಪಟ್ಟಿ ಎಲ್ಲಿ ಮಗಳ ಕುತ್ತಿಗೆಗೆ ಸುತ್ತೀತೋ ಎಂದು ಹೆದರಿ, ಕತ್ತಲಲ್ಲೇ ಆ ಗಂಟು ಬಿಚ್ಚಿ ಹೋಗಿ ಮಲಗಿದ್ದು ತಾನೇ ಎಂಬುದನ್ನು ಸಾಯುವವರೆಗೂ ಯಾರಿಗೂ ಹೇಳಬಾರದೆಂದು, ಅವರು ಬೀದಿಯ ತಿರುವು ದಾಟುವುದರೊಳಗೆ ಅವಳು ತೀರ್ಮಾನಿಸಿದಳು.